ಹ್ಯಾಂಡಲ್‌ಗೆ ಹೊಲಿದ ಕೌದಿ

ನನ್ನ ಮೊಮ್ಮಗಳು ಕಮಲಾಪುರದಿಂದ ಕಲಬುರಗಿಗೆ ಮೋಟರ್‌ಸೈಕಲ್ ಮ್ಯಾಲ ಟೈಪಿಂಗ್ ಕಲಿಯಾಕ ಹೋಗ್ತಾಳ. ಹೋದ ಚಳಿಗಾಲದಾಗ ಪರೀಕ್ಷೆ ದಿನ ಗಾಳಿಗೆ ಅವಳ ಬೆರಳು ಸೆಟೆದು ಕಟ್ಟಿಗಿ ಆಗಿದ್ದವು. ಅಂಗಡಿ ಕೈಗವಸು ಹಾಕಿದ್ದಳು, ಅದರಾಗೂ ಗಾಳಿ ನುಗ್ಗಿತ್ತು. ಅರ್ಧ ಪುಟ ಹೊಡೆಯೋದ್ರಾಗ ಟೈಮ್ ಮುಗೀತು, ಫೇಲಾದಳು.

ಈ ಸಲ ನಾನು ಹಳೇ ಸೀರಿ ತುಂಡು ಕೂಡಿಸಿ, ಕೌದಿ ಹೊಲಿದಂಗ ಎರಡು ದಪ್ಪನ ಚೀಲ ಹೊಲಿದೆ. ಅವನ್ನ ಹ್ಯಾಂಡಲ್‌ಗೆ ಕಟ್ಟಿ ಒಳಗ ಕೈ ಹಾಕಿದರ ಬ್ರೇಕು, ಕ್ಲಚ್ಚು ಎಲ್ಲಾ ಒಳಗೇ ಸಿಗ್ತಾವ. ಕೌದಿ ಮುಗಿಸುವಾಗ ಕಡೀ ಮೂಲ್ಯಾಗ ರೊಟ್ಟಿ ಚೂರು ಇಟ್ಟು ಹೊಲಿಯೋದು ನಮ್ಮ ಪದ್ಧತಿ. ಕೌದಿ ಹಸಿದಿರಬಾರದು ಅಂತ. ಇದರಾಗೂ ಇಟ್ಟೆ.

ಪರೀಕ್ಷೆ ದಿನ ಮುಂಜಾನೆ ನೋಡಿದರ, ರೊಟ್ಟಿ ವಾಸನಿಗೆ ಇಲಿ ಬಂದು ಬಲಗೈ ಚೀಲ ಕೊರೆದಿತ್ತು. ಮುಷ್ಟಿ ಹೋಗುವಷ್ಟು ತೂತು.

“ನಿನ್ನ ಕೌದಿ ಇಲಿ ಹೊಟ್ಟಿ ತುಂಬಿಸ್ಯದ ನೋಡು ಆಯಿ,” ಅಂದಳು. ಮಾರಿ ಸಪ್ಪಗಿತ್ತು.

“ಬಾಯಿ ಮುಚ್ಚಿ ಸೂಜಿಗೆ ದಾರ ಪೋಣಿಸು. ನನಗ ಕಾಣಂಗಿಲ್ಲ,” ಅಂದೆ. ನಾನು ಹೊದ್ದಿದ್ದ ಚಾದರದ ಮೂಲಿ ಕತ್ತರಿಸಿ ತ್ಯಾಪಿ ಹಾಕಿದೆ. ರೊಟ್ಟಿ ಇಡಲಿಲ್ಲ.

“ಮತ್ತ ಇದು ಉಪವಾಸ ಏನು?”

“ನೀ ಪಾಸಾಗು. ಇದಕ್ಕ ಹೋಳಿಗಿ ತಿನಸ್ತೀನಿ.”

ಮಧ್ಯಾಹ್ನ ತಿರುಗಿ ಬಂದವಳು ಬೆರಳು ಆಡಿಸಿ ತೋರಿಸಿದಳು. ಪುಟ ಪೂರಾ ಹೊಡೆದೆ, ಇನ್ನೂ ಟೈಮ್ ಉಳಿದಿತ್ತು ಅಂದಳು. ರಿಸಲ್ಟ್ ಬಂದಿಲ್ಲ. ನಾನಂತೂ ಕಡ್ಲಿಬ್ಯಾಳಿ, ಬೆಲ್ಲ ತಂದು, ಇಲಿಗೆ ಸಿಗದಂಗ ಸ್ಟೀಲ್ ಡಬ್ಬಿಯಾಗ ಇಟ್ಟೀನಿ.