ಮೂರು ಚುಕ್ಕಿಯ ಬೆಸುಗೆ

ಉಗಿ ಯಾರ ಮುಲಾಜನ್ನೂ ನೋಡುವುದಿಲ್ಲ. ಕೂದಲೆಳೆಯಷ್ಟು ಬಿರುಕು ಸಿಕ್ಕರೆ ಸಾಕು, ಕಬ್ಬಿಣವನ್ನು ಸೀಳಿಕೊಂಡು ಬರುತ್ತದೆ. ಕುಕ್ಕರಿನ ಮುಂದೆ ನಿಂತವರಿಗೆಲ್ಲ ಗೊತ್ತಿರುವ ಸಂಗತಿ ಇದು. ಗೊತ್ತಿಲ್ಲದಂತೆ ನಟಿಸುವವರು ಬಾಯ್ಲರ್ ಇಟ್ಟುಕೊಂಡವರು ಮಾತ್ರ.

ತುಮಕೂರಿನ ವೆಲ್ಡಿಂಗ್ ಕೆಲಸಗಾರ ಮುಖ್ತಾರ್ ಅಹಮದ್‌ಗೆ ಕೆಲಸ ಕಲಿಸಿದ ಉಸ್ತಾದರು ಒಂದು ಕಟ್ಟಳೆ ಹಾಕಿದ್ದರು. ಬೆಸುಗೆ ಮುಗಿದ ಮೇಲೆ, ಅಂಗೈ ಇಡುವಷ್ಟು ತಣ್ಣಗಾಗುವವರೆಗೆ ಪಕ್ಕದಲ್ಲೇ ಕೂತು ಕಿವಿಗೊಡಬೇಕು. ಬಿರಿದರೆ ಟಿಣ್ ಎನ್ನುತ್ತದೆ. ಎನ್ನದಿದ್ದರೆ ಮಾತ್ರ ನಿನ್ನ ಗುರುತು ಹೊಡಿ. ಮುಖ್ತಾರನ ಗುರುತು ಮೂರು ಚುಕ್ಕಿ.

ಎಪ್ಪತ್ನಾಲ್ಕರಲ್ಲಿ ಗುಬ್ಬಿಯ ಒಂದು ಅಕ್ಕಿ ಗಿರಣಿಯಲ್ಲಿ, ಭತ್ತ ಬೇಯಿಸುವ ಬಾಯ್ಲರಿಗೆ ಪೈಪು ಕೂರಿಸಬೇಕಿತ್ತು. ಬಾಯ್ಲರ್ ಕಬ್ಬಿಣದ್ದು, ಪೈಪು ಸ್ಟೇನ್‌ಲೆಸ್ ಸ್ಟೀಲಿನದು. ಕಾದಾಗ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಬೆಸುಗೆಗೆ ಕರಗಿಸುವ ಮಾಮೂಲಿ ರಾಡಿನಲ್ಲಿ ಬೆಸೆದರೆ ನಡುವಿನ ಲೋಹ ಗಾಜಿನಂತೆ ಪೆಡಸಾಗುತ್ತದೆ. ಎರಡಕ್ಕೂ ಒಗ್ಗುವ ರಾಡು ಬೇರೆಯೇ ಇದೆ, ಬೆಂಗಳೂರಿನಿಂದ ತರಿಸಬೇಕು. ಗಿರಣಿ ಮಾಲೀಕ ಕಾಯಲಿಲ್ಲ. ಮುಖ್ತಾರ್ ಮಾಮೂಲಿ ರಾಡಿನಲ್ಲೇ ಬೆಸೆದ. ಕೂತು ಕಿವಿಗೊಟ್ಟ.

ಟಿಣ್.

ಬಿರುಕನ್ನು ಬುಡಸಹಿತ ಉಜ್ಜಿ ತೆಗೆದು, ಸರಿಯಾದ ರಾಡು ತಂದು ಮೊದಲಿಂದ ಬೆಸೆಯಬೇಕಿತ್ತು. ಅವನು ಬಿರುಕಿನ ಮೇಲೆಯೇ ಬೆಸುಗೆಯ ಇನ್ನೊಂದು ಗೆರೆ ಎಳೆದ. ನೋಡಲು ನುಣ್ಣಗಿತ್ತು. ಮೂರು ಚುಕ್ಕಿ ಹೊಡೆದು ಬಸ್ಸು ಹತ್ತಿದ.

ಹತ್ತೊಂಬತ್ತನೇ ದಿನ ಪೈಪು ಕಿತ್ತುಕೊಂಡಿತು. ಪಕ್ಕದಲ್ಲಿ ಭತ್ತ ಹರವುತ್ತಿದ್ದ ರಂಗಮ್ಮ ಬೆಂದು ಸತ್ತಳು. ವಾಲ್ವು ತಪ್ಪಾಗಿ ತಿರುಗಿಸಿದ್ದು ಅವಳೇ ಎಂದು ಮಾಲೀಕ ಪೊಲೀಸರ ಹತ್ತಿರ ಬರೆಸಿದ. ಸತ್ತ ಕೂಲಿ ಹೆಂಗಸು ಎದ್ದು ಬಂದು ಇಲ್ಲ ಎನ್ನುತ್ತಾಳೆಯೇ? ಎನ್ನಬೇಕಾಗಿದ್ದ ಮುಖ್ತಾರ್ ಬಾಯಿ ಬಿಡಲಿಲ್ಲ.

ಅಂದಿನಿಂದ ಆ ಸದ್ದು ಅವನ ಬೆನ್ನು ಬಿಡಲಿಲ್ಲ. ಲೋಟಕ್ಕೆ ಚಮಚ ತಾಗಿದರೆ ಬೆಚ್ಚುತ್ತಿದ್ದ. ಹೆಂಡತಿ ಸರ್ವರ್ ಬೇಗಂ ಮನೆಯ ಚಮಚಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿಟ್ಟಳು. ನಮಾಜಿಗೆ ಹಣೆ ಊರಿದರೆ ನೆಲದೊಳಗಿಂದಲೇ ಟಿಣ್ ಎನ್ನುತ್ತಿತ್ತು.

ಎರಡು ವರ್ಷದ ಮೇಲೆ ಗುಜರಿ ಅಂಗಡಿಯ ಖುರ್ಷಿದ್ ಪಾಷಾ ಒಂದು ತುಂಡು ಹೊತ್ತು ತಂದ. "ಭಾಯ್, ಗುಬ್ಬಿ ಮಾಲಿನ ಜೊತೆ ಬಂತು. ನಿಮ್ದೇ ಅಲ್ವಾ? ಚುಕ್ಕಿ ಐತೆ." ಬಾಯಿ ತೆರೆದುಕೊಂಡ ಬೆಸುಗೆ, ಪಕ್ಕದಲ್ಲಿ ಮೂರು ಚುಕ್ಕಿ. ಮುಖ್ತಾರ್ ಅದನ್ನು ತಾನು ಕೂರುವ ಬೆಂಚಿನ ಕೆಳಗಿಟ್ಟುಕೊಂಡ.

ಈ ವರ್ಷ, ಎಂಬತ್ಮೂರರಲ್ಲಿ, ಹಾಸ್ಟೆಲ್ ಕಂಟ್ರಾಕ್ಟರ್ ವೆಂಕಟರಂಗಯ್ಯ ಕುಣಿಗಲ್ಲಿನಿಂದ ಅನ್ನ ಬೇಯಿಸುವ ಬಾಯ್ಲರನ್ನು ಟ್ರ್ಯಾಕ್ಟರಿನಲ್ಲಿ ತಂದಿಳಿಸಿದ. ಅದೇ ಕಬ್ಬಿಣ, ಅದೇ ಸ್ಟೀಲು, ಅದೇ ಜಾಗದಲ್ಲಿ ಬಿರುಕು.

"ಸಾಬ್ರೆ, ಮೇಲೊಂದು ಗೆರೆ ಎಳ್ದು ಕೊಟ್ಬುಡಿ. ನೂರಿಪ್ಪತ್ತು ಹೈಕ್ಳು ಹಸ್ಕೊಂಡವ್ರೆ."

"ಆಗಲ್ಲ ಸ್ವಾಮಿ. ಪೂರಾ ಕಿತ್ತು ಬೇರೆ ರಾಡಲ್ಲಿ ಮಾಡ್ಬೇಕು. ಹೊರಗಡೆ ಸುಣ್ಣ ಬಳ್ದು, ಒಳಗಡೆ ಸೀಮೆಎಣ್ಣೆ ಸವರಿ ಒಂದಿನ ಇಡ್ಬೇಕು. ಬಿರುಕಿದ್ರೆ ಸುಣ್ಣ ಒದ್ದೆ ಆಗ್ತದೆ. ನಾಳಿದ್ದು ಕೊಡ್ತೀನಿ."

"ಏನ್ರೀ, ಬಾಯ್ಲರ್‌ಗೂ ಎಣ್ಣೆ ಶಾಸ್ತ್ರ ಮಾಡ್ತೀರಾ? ಚಪ್ಪರ ಬ್ಯಾಡ್ವಾ?"

ಮುಖ್ತಾರ್ ನಗಲಿಲ್ಲ. ಬೆಂಚಿನ ಕೆಳಗಿನ ತುಂಡನ್ನು ಎಳೆದು ಅವನ ಮುಂದಿಟ್ಟ.

"ಗುಬ್ಬೀಲಿ ಆ ಯಮ್ಮ ವಾಲ್ವ್ ಮುಟ್ಲೇ ಇಲ್ಲ ಸ್ವಾಮಿ. ಮೇಲೊಂದು ಗೆರೆ ಎಳ್ದೋನು ನಾನು."

ಒಂಬತ್ತು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ವೆಂಕಟರಂಗಯ್ಯ ತುಂಡನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. "ಅದ್ನೆಲ್ಲ ನಂಗ್ಯಾಕೆ ಹೇಳ್ತೀರಾ?" ಎಂದವನೇ ಬಾಯ್ಲರನ್ನು ಬೇರೆ ಅಂಗಡಿಗೆ ಹೊಡೆಸಿಕೊಂಡು ಹೋದ. ಅಲ್ಲಿ ಅರ್ಧ ಗಂಟೆಯಲ್ಲಿ ಗೆರೆ ಎಳೆದುಕೊಟ್ಟರು.

ಮರುದಿನ ಬೆಳಿಗ್ಗೆ ಮುಖ್ತಾರ್ ಆ ತುಂಡನ್ನು ಟವಲಿನಲ್ಲಿ ಸುತ್ತಿಕೊಂಡು ಕುಣಿಗಲ್ಲಿನ ಹಾಸ್ಟೆಲಿನ ಅಡುಗೆಮನೆಗೆ ಹೋದ. ಅಡುಗೆಯ ಹನುಮಂತಮ್ಮ ಬಾಯ್ಲರಿನ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಅಕ್ಕಾ, ಒಲೆ ಆರ್ಸಿ."

"ಆರ್ಸಿದ್ರೆ ಮಕ್ಳಿಗೆ ಅನ್ನ ನೀನ್ ಇಕ್ತೀಯೇನಪ್ಪ?"

ಅವನು ಟವಲು ಬಿಚ್ಚಿ, ರಂಗಮ್ಮನ ಕತೆ ಹೇಳಿದ. ಹನುಮಂತಮ್ಮ ತುಂಡನ್ನು ನೋಡಿದಳು, ಬಾಯ್ಲರಿನ ಪೈಪನ್ನು ನೋಡಿದಳು. ಎದ್ದು ಉರಿಯುವ ಸೌದೆಗಳನ್ನು ಒಂದೊಂದಾಗಿ ಹೊರಗೆಳೆದಳು.

ಸಂಜೆಯೊಳಗೆ ಕಂಟ್ರಾಕ್ಟರ್ ಅವಳನ್ನು ಕೆಲಸದಿಂದ ತೆಗೆದ. ಬೇರೆ ಅಡುಗೆಯವಳು ಬಂದಳು. ಬಾಯ್ಲರ್ ಇವತ್ತಿಗೂ ಕುದಿಯುತ್ತಿದೆ. ಮುಖ್ತಾರನನ್ನು ವಾಚ್‌ಮನ್ ಒಳಗೆ ಬಿಡುವುದಿಲ್ಲ. ಅವನು ಕೈಲಾದ ದಿನವೆಲ್ಲ ಕುಣಿಗಲ್ ಬಸ್ಸು ಹತ್ತಿ, ಗೇಟಿನ ಹೊರಗೆ ಕೂತು ಕಿವಿಗೊಡುತ್ತಾನೆ.

ಅವನೊಬ್ಬನೇ ಯಾಕೆ ಕೂರಬೇಕು? ಗೇಟಿನ ಒಳಗೆ ಉಣ್ಣುತ್ತಿರುವವರು ನಿಮ್ಮ ಮಕ್ಕಳು. ನಿಮ್ಮನ್ನು ವಾಚ್‌ಮನ್ ತಡೆಯಲಾರ. ನಾಳೆಯೇ ಹೋಗಿ. ಪೈಪಿನ ಬುಡಕ್ಕೆ ಬಗ್ಗಿ ನೋಡಿ. ಬೆಸೆದವರು ಯಾರು, ಯಾವ ರಾಡಿನಲ್ಲಿ ಎಂದು ಕೇಳಿ. ಹೇಳುವವರು ಸಿಗದಿದ್ದರೆ, ಒಲೆ ಆರಿಸಿ.