ನೋಡದ ಜಾಗಗಳ ಇಂಗ್ಲಿಷ್ ಪಾಠ

ಮದುವೆಯಾಗಿ ಮಡಿಕೇರಿಗೆ ಬಂದ ಹೊಸದರಲ್ಲಿ ನಾನು ಇಂಗ್ಲಿಷ್ ಮೇಷ್ಟರಾಗಿದ್ದೆ. ಇದ್ದ ಒಬ್ಬನೇ ಶಿಷ್ಯ ನನ್ನ ಗಂಡ. ಬೆಳಗ್ಗೆ ಮನೆ ಮುಂದಿನ ನಲ್ಲಿಯ ಹತ್ತಿರ ಅವರು ಕಾರು ತೊಳೆಯುವ ಅರ್ಧ ಗಂಟೆಯೇ ಪಾಠದ ಹೊತ್ತು. ನಾನು ಪೊರಕೆ ಹಿಡಿದುಕೊಂಡು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಾ ಅಲ್ಲೇ ಸುಳಿದಾಡುತ್ತಿದ್ದೆ. ಗಂಡನಿಗೆ ಹೆಂಡತಿ ಪಾಠ ಹೇಳುವುದನ್ನು ಬೀದಿಯವರು ಕಂಡರೆ ಏನೆಂದುಕೊಂಡಾರು ಎಂಬುದು ನಮ್ಮತ್ತೆಯ ಚಿಂತೆ. ಅದಕ್ಕಾಗಿಯೇ ಆ ಪೊರಕೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಕೆಲವೇ ವರ್ಷಗಳಾಗಿದ್ದವು. ಊರು ನೋಡಲು ಮದ್ರಾಸಿನವರು, ಬೊಂಬಾಯಿಯವರು, ಅಪರೂಪಕ್ಕೆ ಬಿಳಿಯರೂ ಬರುತ್ತಿದ್ದರು. ನನ್ನ ಗಂಡ ಅದಕ್ಕೆ ಮೊದಲು ಸೋಮವಾರಪೇಟೆ ಕಡೆಯ ಎಸ್ಟೇಟೊಂದರಲ್ಲಿ ಲಾರಿ ಓಡಿಸುತ್ತಿದ್ದವರು; ಆಗಷ್ಟೇ ಒಬ್ಬ ಸಾಹುಕಾರರ ಬಾಡಿಗೆ ಕಾರಿಗೆ ಡ್ರೈವರಾಗಿದ್ದರು. ಯಾವ ಗಿರಾಕಿ ಯಾವ ಕಾರಿಗೆ ಎಂದು ನಿರ್ಧರಿಸುವವನು ಅವರು ಇಳಿದುಕೊಳ್ಳುವ ಲಾಡ್ಜಿನಲ್ಲಿ ಲೆಕ್ಕ ಬರೆಯುವ ರೈಟರು. ನಾಲ್ಕು ಮಾತು ಇಂಗ್ಲಿಷ್ ಬರುವ ಡ್ರೈವರನನ್ನೇ ಅವನು ಮೊದಲು ಕರೆಯುತ್ತಿದ್ದ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಹಾಗಾಗಿ ಈ ಕೆಲಸ ನನ್ನ ತಲೆಗೆ ಬಂತು, ನಾನೂ ಬೇಡವೆನ್ನಲಿಲ್ಲ.

ಪಾಠದ ಕ್ರಮ ಸುಲಭವಾಗಿತ್ತು. ಗಿರಾಕಿಗಳು ನೋಡಲು ಹೋಗುವ ಜಾಗದಲ್ಲಿ ಏನು ಕಾಣುತ್ತದೆಂದು ಅವರು ಕನ್ನಡದಲ್ಲಿ ಹೇಳಬೇಕು, ಅದಕ್ಕೆ ನಾನು ಇಂಗ್ಲಿಷ್ ಹುಡುಕಿ ಕೊಡಬೇಕು.

"ರಾಜಾಸೀಟಲ್ಲಿ ನಿಂತ್ರೆ ಏನು ಕಾಣುತ್ತೆ ಹೇಳಿ."

"ಕೆಳಗೆ ಕಣಿವೆ. ಬೆಳಗ್ಗೆ ಹೋದ್ರೆ ಬರೀ ಮಂಜು."

ವ್ಯಾಲಿ, ಮಿಸ್ಟ್ ಎಂದು ನಾನು ಕನ್ನಡ ಅಕ್ಷರದಲ್ಲೇ ಬರೆದುಕೊಡುತ್ತಿದ್ದೆ. ಕೋಟೆಯ ಗಾರೆ ಆನೆಗಳಿಗೆ, ರಾಜರ ಸಮಾಧಿಯಿರುವ ಗದ್ದಿಗೆಗೆ, ಜಾರುವ ಮೆಟ್ಟಿಲಿಗೆ, ಜಿಗಣೆಗೆ ಎಲ್ಲಕ್ಕೂ ಪದ ಸಿಕ್ಕಿತು. ಆದರೆ ಅವುಗಳಲ್ಲಿ ಜಿಗಣೆಯೊಂದನ್ನು ಬಿಟ್ಟು ಬೇರೆ ಯಾವುದನ್ನೂ ನಾನು ಕಂಡಿರಲಿಲ್ಲ. ರಾಜಾಸೀಟು ನಮ್ಮ ಮನೆಯಿಂದ ಒಂದು ಮೈಲಿಯೂ ಇರಲಿಲ್ಲ. ನನಗೆ ಅವನ್ನೆಲ್ಲ ನೋಡಬೇಕಿತ್ತು. ಬೇರೆ ಸೀರೆ ಒಡವೆ ಏನನ್ನೂ ನಾನು ಕೇಳಿದವಳಲ್ಲ, ಇದೊಂದಕ್ಕೆ ಮಾತ್ರ ಜೀವ ಹಾತೊರೆಯುತ್ತಿತ್ತು. ಒಂದು ಸಲ ಬಾಯಿ ಬಿಟ್ಟು ಹೇಳಿದ್ದಕ್ಕೆ ಅತ್ತೆ, "ಸಂಸಾರಸ್ಥರು ಸುಮ್ಸುಮ್ನೆ ಊರು ಸುತ್ತೋಕೆ ಹೋಗ್ತಾರಾ?" ಎಂದಿದ್ದರು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಸಾರಿಗೆ ಉಪ್ಪು ಹೆಚ್ಚಾಯಿತು, ಬೇಕೆಂದೇ.

ತಲಕಾವೇರಿಯ ಪಾಠ ಬಂದಾಗ ನಾನು ಅವರನ್ನು ಏನೂ ಕೇಳಲಿಲ್ಲ. ನನ್ನ ತವರು ಕುಶಾಲನಗರದ ಹತ್ತಿರ, ಹೊಳೆಯ ಪಕ್ಕ. ಮಳೆಗಾಲದಲ್ಲಿ ಕಾವೇರಿ ದಡದ ಬಾಳೆಗಿಡಗಳನ್ನು ಬುಡಸಮೇತ ಎಳೆದುಕೊಂಡು ಹೋಗುವುದನ್ನು ನೋಡುತ್ತಲೇ ಬೆಳೆದವಳು ನಾನು. ತುಲಾ ಸಂಕ್ರಮಣ ಕಳೆದ ಮೇಲೆ ಯಾರಾದರೂ ಬಾಟಲಿಯಲ್ಲಿ ತೀರ್ಥ ತಂದುಕೊಡುತ್ತಿದ್ದರು. ನಮ್ಮ ಮನೆಯ ಹೆಂಗಸರು ಯಾರೂ ಅಲ್ಲಿಗೆ ಹೋದವರಲ್ಲ. ಇಷ್ಟು ದೊಡ್ಡ ಹೊಳೆ ಹುಟ್ಟುವ ಜಾಗ ಎಷ್ಟು ದೊಡ್ಡದಿರಬೇಕು ಎಂದು ನಾನೇ ಊಹಿಸಿಕೊಂಡೆ. ಬೆಟ್ಟದ ಹೊಟ್ಟೆಯಿಂದ ನದಿ ಭಾರಿ ಸದ್ದು ಮಾಡುತ್ತಾ ನೆಗೆದು ಬರುತ್ತದೆ ಎಂದು ಒಂದು ಉದ್ದದ ಇಂಗ್ಲಿಷ್ ವಾಕ್ಯ ಬರೆದೆ. ಅರ್ಥವನ್ನೂ ಬಿಡಿಸಿ ಹೇಳಿದೆ. ಅವರು ಒಂದು ಗಳಿಗೆ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ ಬಾಯಿಪಾಠ ಮಾಡಿದರು. ದಿನಾ ಬೆಳಗ್ಗೆ ಒಪ್ಪಿಸುತ್ತಿದ್ದರು ಕೂಡ. ಗಿರಾಕಿಗಳು ಏನೆಂದರೆಂದು ಕೇಳಿದರೆ "ಖುಷಿಪಟ್ರು" ಎನ್ನುತ್ತಿದ್ದರು. ನನಗೆ ಅದೇ ದೊಡ್ಡ ಹೆಮ್ಮೆ.

ಹೀಗೆ ಐದಾರು ತಿಂಗಳು ಕಳೆಯಿತು. ಒಂದು ದಿನ ಬೊಂಬಾಯಿಯಿಂದ ವಯಸ್ಸಾದ ಗಂಡ ಹೆಂಡತಿ ಲಾಡ್ಜಿಗೆ ಬಂದಿಳಿದರು. ತಲಕಾವೇರಿಗೆ ಹೋಗುವವರು ಮೊದಲು ಭಾಗಮಂಡಲದ ಸಂಗಮದಲ್ಲಿ ಮಿಂದು, ಅಲ್ಲಿಯ ದೇವರಿಗೆ ಕೈಮುಗಿದು, ಆಮೇಲೆ ಬೆಟ್ಟ ಹತ್ತುವುದು ವಾಡಿಕೆ. ಆಯಮ್ಮನಿಗೂ ಹಾಗೆಯೇ ಹೋಗಬೇಕಿತ್ತು. ಹೊಳೆಗಿಳಿಯುವಾಗ ಕೈ ಹಿಡಿಯಲು, ಸೀರೆ ಬದಲಿಸುವಾಗ ಮರೆ ಹಿಡಿಯಲು ಜೊತೆಗೊಬ್ಬ ಹೆಂಗಸು ಬೇಕೆಂದರು. "ನಿನ್ನ ಮನೆಯವರನ್ನೇ ಕರ್ಕಂಡು ಬಾ" ಎಂದು ರೈಟರು ನನ್ನ ಗಂಡನಿಗೆ ಹೇಳಿದ. ಅದನ್ನು ಕೇಳಿದ ಅತ್ತೆ, "ಕೆಲ್ಸ ಅಂದ್ಮೇಲೆ ಹೋಗ್ಲೇಬೇಕಲ್ಲ" ಎಂದರು.

ಭಾಗಮಂಡಲದಲ್ಲಿ ನನ್ನ ಶಿಷ್ಯನ ಇಂಗ್ಲಿಷನ್ನು ಮೊದಲ ಸಲ ಕಿವಿಯಾರೆ ಕೇಳಿದೆ. ಇಲ್ಲಿ ಕೂಡುವ ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತವೆ, ಸುಜ್ಯೋತಿ ನೆಲದೊಳಗೆ ಹರಿಯುತ್ತದೆ ಎಂಬುದನ್ನು ಅವರು, "ತ್ರೀ ರಿವರ್ಸ್. ಟೂ ಸೀಯಿಂಗ್, ಒನ್ ನಾಟ್ ಸೀಯಿಂಗ್" ಎಂದು ಮುಗಿಸಿದರು. ಅದು ನಾನು ಕಲಿಸಿದ್ದಲ್ಲ, ಅವರದ್ದೇ. ಆಯಮ್ಮ ನಕ್ಕು ತಲೆಯಾಡಿಸಿದರು. ನನಗೂ ನಗು ಬಂತು.

ಮೇಲಿನ ರಸ್ತೆ ಆಗ ಕಾರಿಗೆ ಅಷ್ಟಕ್ಕಷ್ಟೆ. ಕೊನೆಯ ಸ್ವಲ್ಪ ದೂರ ನಡೆದೇ ಹೋದೆವು. ನಾನು ದಾರಿಯುದ್ದಕ್ಕೂ ನೀರಿನ ಸದ್ದಿಗಾಗಿ ಕಿವಿಗೊಟ್ಟಿದ್ದೆ. ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಮೆಟ್ಟಿಲು ಹತ್ತಿದರೆ ಒಂದು ಕೊಳ, ಅದರ ಪಕ್ಕದಲ್ಲಿ ಕಲ್ಲು ಕಟ್ಟಿದ ಪುಟ್ಟ ಚೌಕ. ನಮ್ಮ ಹಿತ್ತಲಿನ ನೀರಿನ ತೊಟ್ಟಿಗಿಂತ ಚಿಕ್ಕದು. ಅದರೊಳಗಿನ ನೀರು ಅಲುಗಾಡದೆ ನಿಂತಿತ್ತು.

"ಎಲ್ರೀ, ಹುಟ್ಟೋ ಜಾಗ?" ಎಂದು ಮೆಲ್ಲಗೆ ಕೇಳಿದೆ.

"ಇದೇ."

ಇಷ್ಟೇನಾ ಎಂದು ಆಯಮ್ಮ ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಗಂಡ ನನ್ನ ಕಡೆ ನೋಡಿದರು. ಹೌದು, ಚಿಕ್ಕದೇ, ಆದರೆ ಇಲ್ಲಿಂದಲೇ ಅದು ಸಮುದ್ರದವರೆಗೆ ಹೋಗುತ್ತದೆ ಎಂದು ಬಂದ ಹಾಗೆ ನಾನೇ ಹೇಳಿದೆ. ಆಯಮ್ಮ ಕೈಮುಗಿದು ಕಣ್ಣು ಮುಚ್ಚಿದರು. ನನಗೆ ನಾನು ಬರೆದುಕೊಟ್ಟ ವಾಕ್ಯ ನೆನಪಾಯಿತು.

ಆ ದಂಪತಿ ಪೂಜೆಗೆ ಕುಳಿತಾಗ ಗಂಡನನ್ನು ಪಕ್ಕಕ್ಕೆ ಕರೆದೆ. "ನನ್ನ ವಾಕ್ಯ ಇಲ್ಲಿ ಯಾರಿಗೂ ಹೇಳ್ಲಿಲ್ಲ ಅಲ್ವಾ ನೀವು?"

"ಇಲ್ಲ."

"ಮತ್ತೆ ದಿನಾ ನಂಗ್ಯಾಕೆ ಒಪ್ಪಿಸ್ತಿದ್ರಿ? ತಪ್ಪು ಅಂತ ಹೇಳ್ಬಾರ್ದಿತ್ತಾ?"

ಅವರು ಬೆಟ್ಟದ ಕಡೆ ನೋಡುತ್ತಾ ನಿಂತರು. "ತಪ್ಪು ಅಂದಿದ್ರೆ, ನೋಡ್ದೆ ಹೆಂಗೆ ಬರೀಲಿ ಅಂತ ನೀನು ಕೇಳ್ತಿದ್ದೆ. ಆಮೇಲೆ ಕರ್ಕಂಡು ಬರ್ಬೇಕಾಗ್ತಿತ್ತು. ಅವ್ವನ್ನ ಕೇಳೋಕೆ ನಂಗೆ ಧೈರ್ಯ ಇರ್ಲಿಲ್ಲ."

ಜಗಳವಾಡಬೇಕೆಂದೇ ಕರೆದಿದ್ದೆ. ಈ ಮಾತು ಕೇಳಿದ ಮೇಲೆ ಬೈಯಲು ಏನೂ ಉಳಿಯಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಅವರು ಜೇಬಿನಿಂದ ಕರ್ಚೀಫು ತೆಗೆದುಕೊಟ್ಟರು.

ಮರುದಿನ ಬೆಳಗ್ಗೆ ಕಾರು ತೊಳೆಯುವುದಕ್ಕೆ ಮೊದಲೇ ಅವರು ಅಡುಗೆಮನೆಗೆ ಬಂದರು. ಅತ್ತೆ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದರು.

"ಅವ್ವ, ಬರೋ ಭಾನ್ವಾರ ಇವಳನ್ನ ರಾಜಾಸೀಟಿಗೆ ಕರ್ಕಂಡು ಹೋಗ್ತೀನಿ. ಕೆಲ್ಸಕ್ಕಲ್ಲ. ಸುಮ್ನೆ, ನೋಡೋಕೆ."

ಅತ್ತೆ ಹಂಚಿನ ಮೇಲಿದ್ದ ರೊಟ್ಟಿಯನ್ನು ಬೇಯಿಸಿ ಇಳಿಸಿದರು, ಕೈಯ ಹಿಟ್ಟು ಕೊಡವಿಕೊಂಡರು. ಬೇಡವೆನ್ನುತ್ತಾರೆ ಎಂದು ನಾನು ಹಲ್ಲು ಕಚ್ಚಿ ಕಾದೆ.

"ಈ ಊರಿಗೆ ಸೊಸೆಯಾಗಿ ಬಂದು ಮೂವತ್ತು ವರ್ಷ ಆಯ್ತು" ಎಂದರು ಅತ್ತೆ. "ನಿಮ್ಮಪ್ಪನ್ನ ನಾನೂ ಒಂದ್ಸಲ ಕೇಳಿದ್ದೆ. ಆಗ ನಮ್ಮತ್ತೆ ಬೇಡ ಅಂದ್ರು. ಆಮೇಲೆ ನಾನು ಕೇಳ್ಲಿಲ್ಲ, ಅವರೂ ಕರೀಲಿಲ್ಲ." ಒಲೆಯ ಸೌದೆಯನ್ನು ಒಳಕ್ಕೆ ತಳ್ಳಿದರು. ಆಮೇಲೆ ಮಗನನ್ನು ಬಿಟ್ಟು ನನ್ನ ಮುಖ ನೋಡಿ ಕೇಳಿದರು: "ನಾನೂ ಬರ್ಲಾ?"