ಹನ್ನೊಂದು ಸಂದು, ಆಮೇಲೆ ಬಾಗಿಲು

ಬೆಳಗಿನ ಆರು ಗಂಟೆ. ಕಿಟಕಿಯ ಬಿಸಿಲು ಓಣಿಯಂಥ ನಡುಮನೆಗೆ ಓರೆಯಾಗಿ ಬೀಳುತ್ತಿದೆ. ಅತ್ತಿಗೆ ಮೊಣಕಾಲೂರಿ ಕೂತು ಮರದ ಗೋಡೆಗೆ ಕೆನ್ನೆ ಒತ್ತಿದ್ದಾಳೆ. ಮುದ್ದು ಮಾಡುತ್ತಿಲ್ಲ, ಉಜ್ಜಿದ್ದು ನುಣುಪಾಗಿದೆಯೋ ಇಲ್ಲವೋ ನೋಡುತ್ತಿದ್ದಾಳೆ. ಹತ್ತೊಂಬತ್ತು ವರ್ಷ ಉಪ್ಪುಕಾಗದ ತಿಕ್ಕಿ ತಿಕ್ಕಿ ಬೆರಳ ತುದಿಗಳು ಜಡ್ಡುಗಟ್ಟಿವೆ. ಈಗ ಏನಿದ್ದರೂ ಕೆನ್ನೆಗೇ ತಿಳಿಯಬೇಕು.

"ಗೋಡೆಗೆ ಮುತ್ತು ಕೊಟ್ಟಿದ್ದು ಸಾಕು, ಡಬ್ಬಿ ಮುಚ್ಚಳ ತೆಗಿ," ಎನ್ನುತ್ತಾಳೆ ಜೊತೆಗೆ ದುಡಿಯುವ ನಾದಿನಿ.

"ನಿಮ್ಮಣ್ಣನ ಗಡ್ಡಕ್ಕಿಂತ ಗೋಡೆನೇ ವಾಸಿ ಕಣೇ."

ಈ ನಾದಿನಿ ಕರೆದೂ ಕರೆದೂ ಬಣ್ಣದಂಗಡಿಯವರಿಗೂ ಆಕೆ ಅತ್ತಿಗೆಯೇ ಆಗಿಬಿಟ್ಟಿದ್ದಾಳೆ. ಮೂವತ್ತು ನಲವತ್ತು ವರ್ಷದ ಹಿಂದೆ ಜನ ಅಂತಸ್ತಿಗೆ ಅಂತ ಗೋಡೆಗೆಲ್ಲ ಮರದ ಹಲಗೆ ಹೊಡೆಸಿಕೊಂಡರಲ್ಲ, ಅವು ಈಗ ಕಪ್ಪಿಟ್ಟು ಮನೆಗಳು ಗುಹೆಯಾಗಿವೆ. ದೊಡ್ಡ ಗುತ್ತಿಗೆದಾರರನ್ನು ಕೇಳಿದರೆ ಕಿತ್ತು ಬಿಸಾಕಿ ಎನ್ನುತ್ತಾರೆ. ಕಿತ್ತರೆ ಹಿಂದಿನ ಗಾರೆಯೂ ಉದುರುತ್ತದೆ, ಅವರ ಬಿಲ್ಲು ಮೂರು ಪಟ್ಟಾಗುತ್ತದೆ. ಅತ್ತಿಗೆ ಒಂದು ಹಲಗೆಯನ್ನೂ ಕೀಳುವುದಿಲ್ಲ. ಸೋಪಿನ ನೀರಲ್ಲಿ ಜಿಡ್ಡು ತೊಳೆದು, ಹಳೆ ಮೆರುಗು ಉಜ್ಜಿ ತೆಗೆದು, ಗಂಟುಗಳ ಕಲೆ ಮೇಲೇಳದ ಹಾಗೆ ತಳಬಣ್ಣ ಹಚ್ಚಿ, ಹಲಗೆ ಹಲಗೆಯ ನಡುವಿನ ಸಂದಿಗೆ ಪುಟ್ಟಿ ತುಂಬಿ, ಮೇಲೆ ಎರಡು ಸಲ ಬಣ್ಣ ಹೊಡೆಯುತ್ತಾಳೆ. ಹಲಗೆ ಇತ್ತು ಅಂತ ಹೇಳಿದರೂ ಯಾರೂ ನಂಬುವುದಿಲ್ಲ.

ದಿನಕ್ಕೆ ಹದಿನಾಲ್ಕು ಹಲಗೆ, ಎಂಟು ಹಾಳೆ ಉಪ್ಪುಕಾಗದ, ಎರಡು ಲೋಟ ಟೀ. ಎಷ್ಟೋ ಮನೆಗಳಲ್ಲಿ ಬಚ್ಚಲು ಬಳಸಬೇಡಿ ಎನ್ನುತ್ತಾರೆ. ಅವರ ಬಚ್ಚಲ ಗೋಡೆ ಉಜ್ಜಲು ಮಾತ್ರ ಈ ಕೈಗಳು ಬೇಕು! ಈ ಕೆಲಸ ಮೊದಲು ಗಂಡನದು. ಅವನು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ದಿನ ಗುತ್ತಿಗೆದಾರ ಒಂದು ಬುಟ್ಟಿ ಸೇಬು ಕಳಿಸಿದ, ಮತ್ತೆ ಅವರ ಬೀದಿಗೆ ತಲೆ ಹಾಕಲಿಲ್ಲ. "ಸೇಬು ತಿಂದು ಮುಗಿಸೋ ಅಷ್ಟರಲ್ಲಿ ನಾನು ಬ್ರಷ್ ಹಿಡಿಯೋದು ಕಲಿತಿದ್ದೆ," ಎನ್ನುತ್ತಾಳೆ ಅತ್ತಿಗೆ. "ಅವರು ಮಲಗಿದಲ್ಲಿಂದಲೇ ಬೈದು ಬೈದು ಕಲಿಸಿದ್ರು."

ಈ ಮನೆಯಲ್ಲಿ ಇರುವುದು ತಾಯಿ, ಮಗಳು, ಇಬ್ಬರೇ. ಟೆಲಿಫೋನ್ ಕಚೇರಿಯಲ್ಲಿ ದುಡಿದು ನಿವೃತ್ತರಾದ ತಾಯಿಗೆ ಕಣ್ಣು ಮಂಜು. ಮನೆ ಬೆಳಗಾದರೆ ಅಮ್ಮನಿಗೆ ಓಡಾಡಲು ಸಲೀಸು ಅಂತ ಮಗಳು ಚೂರುಪಾರು ಉಳಿಸಿ ಈ ಕೆಲಸ ಹಿಡಿಸಿದ್ದಾಳೆ. ಅಮ್ಮನಿಗೆ ಧೂಳು ಆಗದು ಅಂತ ಎರಡು ದಿನ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದವಳು, ಈ ದಿನ ಒಂಬತ್ತಕ್ಕೆ ಕರೆತಂದು ಕೂರಿಸಿ ತನ್ನ ಕೆಲಸಕ್ಕೆ ಓಡುತ್ತಾಳೆ.

ಹತ್ತು ಗಂಟೆಗೆ ಅಮ್ಮ ಬಚ್ಚಲಿಗೆಂದು ಎದ್ದು ಗೋಡೆಗೆ ಕೈಯಿಟ್ಟು ನಡೆಯುತ್ತಾರೆ. ನಾಲ್ಕು ಹೆಜ್ಜೆ ಹೋಗಿ ನಿಲ್ಲುತ್ತಾರೆ. ಹಿಂದೆ ಬಂದು ಮತ್ತೆ ಹೋಗುತ್ತಾರೆ. ಅಂಗೈ ಗೋಡೆಯ ಮೇಲೆ ಏನನ್ನೋ ಹುಡುಕುತ್ತಿದೆ.

"ಗೋಡೆ ಏನ್ ಮಾಡಿದ್ರಮ್ಮಾ?" ಅಮ್ಮ ಕೇಳುತ್ತಾರೆ. "ಬಚ್ಚಲಿಗೆ ಹನ್ನೊಂದು ಸಂದು ಇತ್ತು, ಅಡುಗೆಮನೆಗೆ ಹದಿನೇಳು. ಎಲ್ಲಿ ಹೋದ್ವು?"

ಅತ್ತಿಗೆಗೆ ಈಗ ಅರ್ಥವಾಗುತ್ತದೆ. ಕಣ್ಣು ಮಂಜಲ್ಲ, ಹೆಚ್ಚು ಕಡಿಮೆ ಹೋಗಿಯೇ ಬಿಟ್ಟಿದೆ. ಬಚ್ಚಲಿಗೆ ಹನ್ನೊಂದು, ಅಡುಗೆಮನೆಗೆ ಹದಿನೇಳು ಅಂತ ಸಂದು ಎಣಿಸಿಕೊಂಡೇ ಅಮ್ಮ ವರ್ಷದಿಂದ ಈ ಮನೆಯಲ್ಲಿ ಓಡಾಡಿದ್ದಾರೆ. ಅದೇ ಸಂದುಗಳನ್ನು ತಾನು ಪುಟ್ಟಿ ತುಂಬಿ, ಕೆನ್ನೆ ಒತ್ತಿ, ಭೇಷ್ ಅಂದುಕೊಂಡಿದ್ದಾಳೆ.

"ಮಗಳಿಗೆ ಹೇಳಬೇಡ ತಾಯಿ. ಕೆಲಸ ಬಿಟ್ಟು ನನ್ನ ಕಾಯ್ತಾ ಕೂತುಬಿಡ್ತಾಳೆ," ಎನ್ನುತ್ತಾರೆ ಅಮ್ಮ.

ಅತ್ತಿಗೆ ಅಮ್ಮನ ಕೈ ಹಿಡಿದು ಬಚ್ಚಲಿಗೆ ಬಿಟ್ಟು ಬಂದವಳೇ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾಳೆ. ಒದ್ದೆ ಬಟ್ಟೆ ಒತ್ತಿ ಮೆದುವಾಗಿಸಿ, ಒಂದೊಂದೇ ಸಂದಿನಿಂದ ಪುಟ್ಟಿ ಕೆರೆಯುತ್ತಾಳೆ.

"ಕೈ ಎಟುಕೋವಷ್ಟು ಬಿಡಿಸಿದ್ರೆ ಸಾಲದಾ?" ನಾದಿನಿ ಗೊಣಗುತ್ತಾಳೆ.

"ಅರ್ಧ ಬಿಡಿಸಿದ್ರೆ ಗೋಡೆ ಹರಿದ ಜೇಬಿನ ಹಾಗೆ ಕಾಣುತ್ತೆ. ನೀನೂ ಕೂತ್ಕೋ."

ಸಂಜೆ ಮಗಳು ಬಂದಾಗ ಆರು ಸಂದು ತೆರೆದಿವೆ. "ಇದೇನ್ರಿ ಇದು? ನುಣ್ಣಗಿದ್ದ ಗೋಡೆ ಕೆಡಿಸ್ತಿದೀರಲ್ಲ!" ಅತ್ತಿಗೆ ತಲೆ ತಗ್ಗಿಸುತ್ತಾಳೆ. "ತಪ್ಪಾಯ್ತಮ್ಮ. ನಾನು ಕೇಳದೇ ತುಂಬಿಬಿಟ್ಟೆ." ಮಗಳು ಬಾಯಿಗೆ ಬಂದದ್ದೆಲ್ಲ ಅನ್ನುತ್ತಿದ್ದರೆ ಪುಟ್ಟಿಯ ಪುಡಿ ಗುಡಿಸುತ್ತ ಕೂರುತ್ತಾಳೆ.

ಕೊನೆಗೆ ಒಳಕೋಣೆಯಿಂದ ಅಮ್ಮನೇ ಕೂಗುತ್ತಾರೆ: "ಅವಳನ್ನ ಬೈಬೇಡ್ವೇ. ನನಗೆ ಕಣ್ಣು ಕಾಣಲ್ಲ. ಬೆರಳಲ್ಲಿ ನಡೀತೀನಿ."

ಮಗಳು ಚಪ್ಪಲಿ ಬಿಟ್ಟು ಕಣ್ಣು ಮುಚ್ಚಿ, ತೆರೆದಿರುವ ಸಂದುಗಳ ಮೇಲೆ ಕೈಯಾಡಿಸುತ್ತ ತಾನೂ ನಡೆದು ನೋಡುತ್ತಾಳೆ. ಆರು ಸಂದು ದಾಟಿ ಸೀದಾ ಏಣಿಗೆ ಡಿಕ್ಕಿ ಹೊಡೆಯುತ್ತಾಳೆ.

"ನಿನ್ನದು ಅವಸರದ ಕೈ," ಅಮ್ಮ ನಗುತ್ತಾರೆ. "ಮಿಕ್ಕಿದ್ದನ್ನ ಬಿಡಿಸೋಕೆ ಅವರಿಗೆ ಬಿಡು. ನೀನು ಕೆಲಸ ಬಿಡ್ತೀನಿ ಅಂತೇನಾದ್ರೂ ಬಾಯಿ ಬಿಟ್ಟೆ, ನೋಡು!"

"ಬಿಡಲ್ಲ. ಇನ್ನು ಮುಚ್ಚಿಡಬೇಡ, ಅಷ್ಟೇ," ಎನ್ನುತ್ತ ಮಗಳು ಮೂಗು ಒರೆಸಿಕೊಳ್ಳುತ್ತಾಳೆ.

ಮುಂದಿನ ನಾಲ್ಕು ದಿನ ಕೆನೆ ಬಣ್ಣ ಏರುತ್ತದೆ. ಬಣ್ಣ ಸಂದಿನಲ್ಲಿ ಕಟ್ಟಿಕೊಳ್ಳದ ಹಾಗೆ ಕಡ್ಡಿಗೆ ಬಟ್ಟೆ ಸುತ್ತಿ ಪ್ರತಿ ಸಂದನ್ನೂ ಎಳೆದು ಒರೆಸುತ್ತಾರೆ. ಬಾಗಿಲ ಚೌಕಟ್ಟಿಗೆ ಮಾತ್ರ ಬಣ್ಣ ಮುಟ್ಟಿಸಿಲ್ಲ. ತಿಳಿ ಗೋಡೆಯಲ್ಲಿ ಕಪ್ಪು ಚೌಕಟ್ಟು ಅಮ್ಮನಿಗೆ ನೆರಳಿನ ಹಾಗಾದರೂ ಕಂಡೀತು ಅಂತ ಅತ್ತಿಗೆಯ ಲೆಕ್ಕ.

ಕೊನೆಯ ದಿನ ಬಣ್ಣ ಒಣಗಿದ ಮೇಲೆ ಅಮ್ಮ ತಡವರಿಸಿ ಒಂದು ಕುರ್ಚಿ ಎಳೆಯುತ್ತಾರೆ. "ಕೂತ್ಕೋ. ಇಷ್ಟು ದಿನ ನೆಲದ ಮೇಲೇ ಇದ್ದೆ. ಈಗ ನಾನು ನಡೀತೀನಿ, ನೀನು ನೋಡು."

ಅತ್ತಿಗೆ ಕುರ್ಚಿಯ ತುದಿಯಲ್ಲಿ ಕೂರುತ್ತಾಳೆ. ಅಮ್ಮನ ಬೆರಳು ಒಂದು, ಎರಡು, ಮೂರು ಎನ್ನುತ್ತ ಸಾಗುತ್ತದೆ. ಹನ್ನೊಂದಕ್ಕೆ ಕೈ ನಿಲ್ಲುತ್ತದೆ, ಬಚ್ಚಲ ಬಾಗಿಲು ತೆರೆದು ಮುಚ್ಚುತ್ತದೆ.

"ಆಯ್ತಲ್ಲ, ಸಾಮಾನು ಕಟ್ಟೋಣ ಏಳು ಅತ್ತಿಗೆ," ಎನ್ನುತ್ತಾಳೆ ನಾದಿನಿ.

"ತಡಿಯೇ. ಅಮ್ಮ ಇನ್ನೂ ವಾಪಸ್ ಬರಬೇಕು. ಎರಡೂ ಕಡೆ ಎಣಿಕೆ ಸರಿ ಬಂದ್ರೇನೇ ನನ್ನ ಕೆಲಸ ಮುಗಿದ ಹಾಗೆ."